ಯಂತ್ರ ಬೆಳೆಸಿದ ಪಾತ್ರಗಳು: ಜಾಲ ಆಟಗಳಲ್ಲಿ ಬಾಟ್‌ಗಳ ಕಥೆ

1,30,34,431. ಈ ಸಂಖ್ಯೆ ಭೌತವಿಜ್ಞಾನದ ಯಾವ ಪಠ್ಯಪುಸ್ತಕದಲ್ಲಿಯೂ ನಿಮಗೆ ಸಿಗುವುದಿಲ್ಲ. ಆದರೆ ನಿಮ್ಮ ತರಗತಿಯಲ್ಲಿಯೇ ಇದನ್ನು ತಟ್ಟನೆ ಗುರುತಿಸಬಲ್ಲ ವಿದ್ಯಾರ್ಥಿಯೊಬ್ಬ ಇದ್ದರೆ ಆಶ್ಚರ್ಯವಿಲ್ಲ. 2001ರಲ್ಲಿ ಆರಂಭವಾದ, ಇಂಗ್ಲೆಂಡಿನ ಕೇಂಬ್ರಿಜ್‌ನ ಜ್ಯಾಗೆಕ್ಸ್ ಸಂಸ್ಥೆ ನಡೆಸುವ ‘ರೂನ್‌ಸ್ಕೇಪ್’ ಎಂಬ ಅಂತರಜಾಲ ಆಟದಲ್ಲಿ ಒಂದು ಕೌಶಲವನ್ನು 99ನೆಯ ಮಟ್ಟಕ್ಕೆ ಏರಿಸಲು ಗಳಿಸಬೇಕಾದ ಒಟ್ಟು ಅನುಭವಾಂಕಗಳು ಇಷ್ಟು.

ಇಂಥ ಆಟಗಳನ್ನು ಆಡದವರಿಗಾಗಿ ಎರಡು ಮಾತು. ಇಲ್ಲಿ ನೀವು ಒಂದು ಪಾತ್ರವನ್ನು ಸೃಷ್ಟಿಸಿಕೊಳ್ಳುತ್ತೀರಿ. ಆ ಪಾತ್ರ ಮರ ಕಡಿಯುತ್ತದೆ, ಮೀನು ಹಿಡಿಯುತ್ತದೆ, ಅದಿರು ಅಗೆಯುತ್ತದೆ, ರಾಕ್ಷಸರೊಡನೆ ಹೊಡೆದಾಡುತ್ತದೆ. ಪ್ರತಿಯೊಂದು ಕೆಲಸಕ್ಕೂ ಅಂಕ. ಅಂಕ ಕೂಡಿದಂತೆ ಮಟ್ಟ ಏರುತ್ತದೆ. ಅದೇ ಲೋಕದಲ್ಲಿ, ಅದೇ ಹೊತ್ತಿನಲ್ಲಿ, ಬೇರೆ ಬೇರೆ ದೇಶಗಳ ಸಾವಿರಾರು ಜನರ ಪಾತ್ರಗಳೂ ಓಡಾಡುತ್ತಿರುತ್ತವೆ. ವ್ಯಾಪಾರ ಮಾಡುತ್ತವೆ, ಜಗಳವಾಡುತ್ತವೆ, ಗುಂಪು ಕಟ್ಟುತ್ತವೆ. ನೀವು ಗಣಕವನ್ನು ಆರಿಸಿ ಮಲಗಿದರೂ ಆ ಲೋಕ ಕಂಪನಿಯ ಸರ್ವರ್‌ನಲ್ಲಿ ನಡೆಯುತ್ತಲೇ ಇರುತ್ತದೆ.

ಈಗ ಲೆಕ್ಕ. ರೂನ್‌ಸ್ಕೇಪ್‌ನಲ್ಲಿ ಒಂದನೆಯ ಮಟ್ಟದಿಂದ ಎರಡನೆಯದಕ್ಕೆ ಹೋಗಲು 83 ಅಂಕ ಸಾಕು. 98ರಿಂದ 99ಕ್ಕೆ ಹೋಗಲು 12,28,825 ಅಂಕ ಬೇಕು. ಪ್ರತಿ ಮೆಟ್ಟಿಲೂ ಅದರ ಹಿಂದಿನದಕ್ಕಿಂತ ಸುಮಾರು ಶೇಕಡಾ 10.4ರಷ್ಟು ಎತ್ತರ. ಈ 10.4 ಎಲ್ಲಿಂದ ಬಂತು ಎಂದರೆ, ಎರಡರ ಏಳನೆಯ ಮೂಲ 1.104. ಅಂದರೆ ಏಳು ಮಟ್ಟಗಳಿಗೊಮ್ಮೆ ಶ್ರಮ ಇಮ್ಮಡಿಯಾಗುವಂತೆ ಸೂತ್ರವನ್ನು ರಚಿಸಲಾಗಿದೆ. ಹೀಗಾಗಿ 92ನೆಯ ಮಟ್ಟ ಮುಟ್ಟಿದವನ ಗಳಿಕೆ 65,17,253 ಅಂಕ. ಅವನು ದಾರಿಯ ಅರ್ಧವನ್ನಷ್ಟೇ ಕ್ರಮಿಸಿದ್ದಾನೆ. ಕೊನೆಯ ಏಳು ಮಟ್ಟಗಳೇ ಉಳಿದರ್ಧವನ್ನು ನುಂಗುತ್ತವೆ. ಗಂಟೆಗೆ 50,000 ಅಂಕ ಗಳಿಸುತ್ತೀರಿ ಎಂದು ಇಟ್ಟುಕೊಳ್ಳಿ. ಒಟ್ಟು 260 ಗಂಟೆ ಬೇಕು. ದಿನಕ್ಕೆ ನಾಲ್ಕು ಗಂಟೆಯಂತೆ ಆಡಿದರೆ 65 ದಿನ, ಅದೂ ಒಂದೇ ಕೌಶಲಕ್ಕೆ. (ಘಾತೀಯ ಏರಿಕೆಯನ್ನು ಕಲಿಸುವ ಅಧ್ಯಾಪಕರು ಚಕ್ರಬಡ್ಡಿಯ ಉದಾಹರಣೆಗೆ ತರಗತಿ ಆಕಳಿಸಿದಾಗ ಇದನ್ನು ಪ್ರಯತ್ನಿಸಿ ನೋಡಬಹುದು.)

ಈ 260 ಗಂಟೆ ಏನು ಮಾಡಬೇಕು? ಅದೇ ಮರವನ್ನು ಅದೇ ಕೊಡಲಿಯಿಂದ ಕಡಿಯುತ್ತಿರಬೇಕು. ಆಟಗಾರರು ಇದನ್ನು ‘ಗ್ರೈಂಡಿಂಗ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ರುಬ್ಬುವುದು. ರುಬ್ಬುವ ಕೆಲಸವೆಂದ ಮೇಲೆ ಯಂತ್ರದ ಯೋಚನೆ ಬಾರದಿರುತ್ತದೆಯೇ? ಆಟಗಾರ ನಿದ್ರೆ ಮಾಡುತ್ತಿರುವಾಗ ಅವನ ಬದಲಾಗಿ ಕೀಲಿ ಒತ್ತುತ್ತ, ಮೌಸ್ ಆಡಿಸುತ್ತ ಪಾತ್ರವನ್ನು ಬೆಳೆಸುವ ಪ್ರೋಗ್ರಾಮಿಗೆ ‘ಬಾಟ್’ ಎಂದು ಹೆಸರು. ರೋಬಾಟ್ ಎಂಬ ಪದದ ಬಾಲ ಅದು.

ಒರಳಿನಲ್ಲಿ ರುಬ್ಬಿದರೂ ಗ್ರೈಂಡರಿನಲ್ಲಿ ರುಬ್ಬಿದರೂ ಇಡ್ಲಿ ಹಿಟ್ಟು ಇಡ್ಲಿ ಹಿಟ್ಟೇ. ಗ್ರೈಂಡರ್ ಇಟ್ಟುಕೊಂಡವರನ್ನು ಯಾರೂ ಮೋಸಗಾರರೆಂದು ಕರೆಯುವುದಿಲ್ಲ. ಹಾಗಿದ್ದರೆ ಬಾಟ್ ಬಳಸಿದವನನ್ನು ಮಾತ್ರ ಆಟದಿಂದ ಏಕೆ ಹೊರಹಾಕುತ್ತಾರೆ? ಮಕ್ಕಳಾಟದ ವಿಷಯವೆಂದು ತಳ್ಳಿಹಾಕುವಂತಿಲ್ಲ. ಈ ಪ್ರಶ್ನೆ ನ್ಯಾಯಾಲಯಗಳ ಮೆಟ್ಟಿಲು ಹತ್ತಿದೆ, ಬಡ ದೇಶಗಳ ಕೂಲಿಯವರ ಅನ್ನವನ್ನೂ ಮುಟ್ಟಿದೆ. ಅದು ಬೆಳೆದುಬಂದ ದಾರಿಯನ್ನು ನೋಡೋಣ.

ಎಸೆಕ್ಸ್‌ನ ಮಾಂತ್ರಿಕರು

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಅಲ್ಲಿನ ಪಿಡಿಪಿ-10 ಗಣಕದಲ್ಲಿ ಒಂದು ಆಟ ಬರೆಯತೊಡಗಿದರು. 1980ರಿಂದ ಅದನ್ನು ಬೆಳೆಸಿದವರು ಅವರ ಜೊತೆಯ ವಿದ್ಯಾರ್ಥಿ ರಿಚರ್ಡ್ ಬಾರ್ಟಲ್. ಆಟದ ಹೆಸರು ‘ಮಲ್ಟಿ ಯೂಸರ್ ಡಂಜನ್’, ಚಿಕ್ಕದಾಗಿ ‘ಮಡ್’. ಅದರಲ್ಲಿ ಚಿತ್ರಗಳಿರಲಿಲ್ಲ. ‘ಉತ್ತರಕ್ಕೆ ಹೋಗು’, ‘ಕತ್ತಿ ತೆಗೆದುಕೋ’ ಎಂಬಂಥ ಆಜ್ಞೆಗಳನ್ನು ಟೈಪು ಮಾಡಬೇಕು. ಏನಾಯಿತು ಎಂಬ ವರ್ಣನೆ ಪರದೆಯ ಮೇಲೆ ಮೂಡುತ್ತದೆ. ಆದರೆ ಅದೇ ಕೋಣೆಯಲ್ಲಿ ಇನ್ನೊಬ್ಬ ಮನುಷ್ಯನೂ ಇರಬಹುದು ಎಂಬುದು ಹೊಸ ಸಂಗತಿಯಾಗಿತ್ತು.

ಮಡ್‌ನಲ್ಲಿ 400 ಅಂಕ ಗಳಿಸಿದವನು ಯೋಧ. ಅಲ್ಲಿಂದ ಮುಂದಿನ ಪ್ರತಿ ಪದವಿಗೂ ಅಂಕ ಇಮ್ಮಡಿ: 800, 1,600, 3,200 ಹೀಗೆ. 1,02,400 ಅಂಕ ಗಳಿಸಿದವನಿಗೆ ‘ವಿಜಾರ್ಡ್’ ಅಂದರೆ ಮಾಂತ್ರಿಕ ಪದವಿ. ಮಾಂತ್ರಿಕನಿಗೆ ಉಳಿದ ಆಟಗಾರರ ಮೇಲೆ ನಿಜವಾದ ಅಧಿಕಾರವಿತ್ತು. ಆಟದ ಆಡಳಿತದಲ್ಲಿ ಪಾಲೂ ಇತ್ತು. ಹುಟ್ಟಿದ ಮನೆತನದಿಂದ ಮನುಷ್ಯನ ಸ್ಥಾನ ನಿಗದಿಯಾಗುತ್ತಿದ್ದ ಬ್ರಿಟಿಷ್ ಸಮಾಜಕ್ಕೆ ಪ್ರತಿಯಾಗಿ, ಯೋಗ್ಯತೆಯಿಂದ ಮೇಲೇರಬಹುದಾದ ಒಂದು ಲೋಕವನ್ನು ಕಟ್ಟುವ ಆಸೆ ತಮ್ಮದಾಗಿತ್ತೆಂದು ಬಾರ್ಟಲ್ ಮುಂದೆ ಹೇಳಿಕೊಂಡಿದ್ದಾರೆ. ಇದನ್ನು ನೆನಪಿಟ್ಟುಕೊಳ್ಳಿ. ಮಟ್ಟ ಎಂಬುದು ಆರಂಭದಲ್ಲಿ ಒಂದು ಯೋಗ್ಯತಾಪತ್ರವಾಗಿತ್ತು. ‘ಈತ ಇಲ್ಲಿ ಇಷ್ಟು ಕಾಲ ಬಾಳಿ, ಇಷ್ಟು ಕಲಿತು ಬಂದಿದ್ದಾನೆ’ ಎಂದು ಅದು ಉಳಿದವರಿಗೆ ಹೇಳುತ್ತಿತ್ತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ‘ರೋಗ್’ ಎಂಬ ಆಟ ಹರಡಿತು. ಇದು ಒಬ್ಬರೇ ಆಡುವ ಆಟ; ಪಾತಾಳದ ಕೋಣೆಗಳಲ್ಲಿ ಇಳಿದು ಒಂದು ತಾಯಿತವನ್ನು ತರಬೇಕು. 1981ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಮೈಕೆಲ್ ಮಾಲ್ಡಿನ್ ಮತ್ತು ಅವರ ಸಂಗಡಿಗರು ಈ ಆಟವನ್ನು ತಾನಾಗಿ ಆಡುವ ‘ರೋಗ್-ಓ-ಮ್ಯಾಟಿಕ್’ ಎಂಬ ಪ್ರೋಗ್ರಾಮನ್ನು ಬರೆದರು. 1983ರಲ್ಲಿ ಮೂರು ವಾರ ನಡೆದ ಪರೀಕ್ಷೆಯಲ್ಲಿ ಅದರ ಮಧ್ಯಾಂಕ ಅಲ್ಲಿನ 15 ಮಂದಿ ನುರಿತ ಆಟಗಾರರಲ್ಲಿ ಪ್ರತಿಯೊಬ್ಬರದಕ್ಕಿಂತಲೂ ಹೆಚ್ಚಾಗಿತ್ತು. ಯಾರೂ ಮೋಸವೆನ್ನಲಿಲ್ಲ. ಬದಲಿಗೆ ಅದು ಕೃತಕ ಬುದ್ಧಿಮತ್ತೆಯ ಸಂಶೋಧನೆ ಎನಿಸಿಕೊಂಡು ಪ್ರಬಂಧವಾಗಿ ಪ್ರಕಟವಾಯಿತು. ಆಡಿದ್ದು ಯಂತ್ರ ಎಂಬುದು ಎಲ್ಲರಿಗೂ ತಿಳಿದಿತ್ತು, ಅದರ ಹೆಸರಿನಲ್ಲೇ ಅದು ಬರೆದಿತ್ತು.

1991ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಕವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ‘ಡಿಕುಮಡ್’ ಹೊರತಂದರು. ಕೊಲ್ಲು, ಅಂಕ ಗಳಿಸು, ಮಟ್ಟ ಏರು ಎಂಬ ಚಕ್ರ ಇದರಲ್ಲಿ ಗಟ್ಟಿಯಾಯಿತು. ಇದಕ್ಕಾಗಿಯೇ ‘ಟಿನ್‌ಟಿನ್’ ಎಂಬ ಸಹಾಯಕ ತಂತ್ರಾಂಶ ಬಂತು. ಅದರಲ್ಲಿ ‘ಟ್ರಿಗರ್’ ಎಂಬ ಸೌಲಭ್ಯ: ಪರದೆಯ ಮೇಲೆ ‘ನಿನಗೆ ಹಸಿವಾಗಿದೆ’ ಎಂಬ ಸಾಲು ಬಂದರೆ ‘ರೊಟ್ಟಿ ತಿನ್ನು’ ಎಂಬ ಆಜ್ಞೆ ತಾನಾಗಿ ಹೋಗುತ್ತದೆ. ಇಷ್ಟಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ‘ರಾಕ್ಷಸ ಬಂದ’ ಎಂಬ ಸಾಲಿಗೆ ‘ಹೊಡೆ’, ‘ರಾಕ್ಷಸ ಸತ್ತ’ ಎಂಬುದಕ್ಕೆ ‘ಹಣ ತೆಗೆದುಕೋ’, ‘ಗಾಯವಾಗಿದೆ’ ಎಂಬುದಕ್ಕೆ ‘ಓಡು’ ಎಂದು ಸೇರಿಸುತ್ತ ಹೋದರೆ ಒಂದು ಹಂತದಲ್ಲಿ ಆಟಗಾರನೇ ಬೇಕಾಗುವುದಿಲ್ಲ. ಗೆರೆ ಎಲ್ಲಿ ಎಳೆಯಬೇಕು? ಹಲವು ಮಡ್‌ಗಳ ನಿರ್ವಾಹಕರು ಅವರವರ ನಿಯಮ ಮಾಡಿಕೊಂಡರು. ಅನುಕೂಲಕ್ಕೂ ಬದಲಿಗೂ ನಡುವಿನ ಗೆರೆ ಅಂದು ಎಷ್ಟು ಮಸುಕಾಗಿತ್ತೋ ಇಂದೂ ಅಷ್ಟೇ ಮಸುಕಾಗಿದೆ.

ದುಡ್ಡು ಬಂದಾಗ

1997ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಒರಿಜಿನ್ ಸಂಸ್ಥೆ ‘ಅಲ್ಟಿಮಾ ಆನ್‌ಲೈನ್’ ಆರಂಭಿಸಿತು. ಚಂದಾ ಕೊಟ್ಟು ಆಡುವ, ಚಿತ್ರಗಳಿರುವ ಲೋಕ. ಇದರಲ್ಲಿ ಕೌಶಲ ಬೆಳೆಯುವುದು ಬಳಕೆಯಿಂದ. ಕಮ್ಮಾರನಾಗಬೇಕಾದರೆ ಚೂರಿಯ ಮೇಲೆ ಚೂರಿ ಮಾಡುತ್ತಲೇ ಇರಬೇಕು. ಆಟದೊಳಗೇ ಮ್ಯಾಕ್ರೊ, ಅಂದರೆ ಹಲವು ಆಜ್ಞೆಗಳನ್ನು ಒಂದು ಕೀಲಿಗೆ ಕಟ್ಟುವ ಸೌಲಭ್ಯ ಇತ್ತು. ಕೀಲಿಯ ಮೇಲೆ ಭಾರವಾದದ್ದೇನಾದರೂ ಇಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಪಾತ್ರ ಪಳಗಿರುತ್ತಿತ್ತು! ಕಂಪನಿ ಕೊನೆಗೆ ಒಂದು ರಾಜಿ ಸೂತ್ರಕ್ಕೆ ಬಂತು: ಮ್ಯಾಕ್ರೊ ಬಳಸಬಹುದು, ಆದರೆ ಆಟಗಾರ ಗಣಕದ ಮುಂದಿರಬೇಕು. ಅದನ್ನು ಪರೀಕ್ಷಿಸುವ ವಿಧಾನವೂ ಸರಳ. ಕಂಪನಿಯ ಮೇಲ್ವಿಚಾರಕ ಪಾತ್ರದ ಬಳಿ ಪ್ರತ್ಯಕ್ಷನಾಗಿ ಮಾತನಾಡಿಸುತ್ತಾನೆ. ಉತ್ತರ ಬಾರದಿದ್ದರೆ ಶಿಕ್ಷೆ. 1950ರಲ್ಲಿ ಅಲನ್ ಟ್ಯೂರಿಂಗ್ ಯಂತ್ರದ ಬುದ್ಧಿಯನ್ನು ಸಂಭಾಷಣೆಯಿಂದ ಅಳೆಯುವ ಪರೀಕ್ಷೆಯನ್ನು ಸೂಚಿಸಿದ್ದರು. ಇಲ್ಲಿ ಅದೇ ಪರೀಕ್ಷೆ ತಿರುಗುಮುರುಗಾಗಿ, ಮನುಷ್ಯನೇ ತಾನು ಮನುಷ್ಯನೆಂದು ತೋರಿಸಬೇಕಾಯಿತು.

1999ರಲ್ಲಿ ‘ಎವರ್‌ಕ್ವೆಸ್ಟ್’ ಬಂತು. ಎರಡು ವರ್ಷಗಳ ನಂತರ ಕ್ಯಾಲಿಫೋರ್ನಿಯದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕಾಸ್ಟ್ರೊನೋವಾ ಒಂದು ವಿಚಿತ್ರ ಲೆಕ್ಕ ಮುಂದಿಟ್ಟರು. ಈ ಆಟದ ನಾಣ್ಯ, ಕತ್ತಿ, ಪಾತ್ರಗಳನ್ನು ಜನ ನಿಜವಾದ ಡಾಲರಿಗೆ ಹರಾಜಿನಲ್ಲಿ ಕೊಳ್ಳುತ್ತಿದ್ದರು. ಆ ಬೆಲೆಗಳಿಂದ ಲೆಕ್ಕ ಹಾಕಿದರೆ ಆಟದ ಕಾಲ್ಪನಿಕ ದೇಶದ ತಲಾ ರಾಷ್ಟ್ರೀಯ ಉತ್ಪನ್ನ 2,266 ಡಾಲರ್. ರಷ್ಯಕ್ಕೂ ಬಲ್ಗೇರಿಯಕ್ಕೂ ನಡುವಿನ ಸ್ಥಾನ. ಅಲ್ಲಿ ದುಡಿದವನ ಗಂಟೆಯ ಸಂಪಾದನೆ 3.42 ಡಾಲರ್. ಈ ಲೆಕ್ಕ ಬಂದ ಮೇಲೆ ಬಾಟ್‌ನ ಅರ್ಥವೇ ಬದಲಾಯಿತು. ನಿದ್ರೆಗೆಡದೆ ಮಟ್ಟ ಏರಿಸುವ ಸೋಮಾರಿಯ ಉಪಾಯವಾಗಿದ್ದದ್ದು ಈಗ ನಾಣ್ಯ ಟಂಕಿಸುವ ಯಂತ್ರ.

ಮಾರನೆಯ ವರ್ಷ, 2002ರಲ್ಲಿ, ಎರಿಕ್ ಫ್ರೆಡ್ರಿಕ್‌ಸೆನ್ ಎಂಬ ಪ್ರೋಗ್ರಾಮರ್ ಎವರ್‌ಕ್ವೆಸ್ಟನ್ನು ಅಣಕಿಸಿ ‘ಪ್ರೋಗ್ರೆಸ್ ಕ್ವೆಸ್ಟ್’ ಎಂಬ ‘ಆಟ’ ಹೊರತಂದರು. ಪಾತ್ರಕ್ಕೆ ಹೆಸರಿಟ್ಟರೆ ಮುಗಿಯಿತು. ಮುಂದೆ ನೀವು ಮಾಡಬೇಕಾದದ್ದು ಏನೂ ಇಲ್ಲ. ಅದು ತಾನೇ ಹೊಡೆದಾಡಿ, ತಾನೇ ಮಾರಿ, ತಾನೇ ಮಟ್ಟ ಏರುತ್ತದೆ. ಪಟ್ಟಿಗಳು ತುಂಬುವುದನ್ನು ನೋಡುತ್ತ ಕೂರುವುದಷ್ಟೇ ನಿಮ್ಮ ಪಾಲು. ನಗೆಗಾಗಿ ಮಾಡಿದ ಇದನ್ನು ಜನ ಗಂಭೀರವಾಗಿ ಓಡಿಸಿದರು. ಯಾವ ಕೆಲಸವನ್ನು ಮನುಷ್ಯನಿಲ್ಲದೆಯೂ ಹಾಗೆಯೇ ಮಾಡಬಹುದೋ ಅದನ್ನು ಆಟ ಎನ್ನುವುದು ಹೇಗೆ ಎಂಬ ಪ್ರಶ್ನೆಯನ್ನು ಯಾವ ತತ್ತ್ವಶಾಸ್ತ್ರದ ಪ್ರಬಂಧಕ್ಕಿಂತಲೂ ಚೆನ್ನಾಗಿ ಈ ಅಣಕ ಎತ್ತಿತು ಎಂಬುದು ನನ್ನ ಅನಿಸಿಕೆ.

ಗ್ಲೈಡರ್ ಮೊಕದ್ದಮೆ

2004ರ ನವೆಂಬರ್‌ನಲ್ಲಿ ಬ್ಲಿಝಾರ್ಡ್ ಸಂಸ್ಥೆಯ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅದಕ್ಕೆ ಒಂದು ಕೋಟಿಗೂ ಮಿಕ್ಕಿ ಚಂದಾದಾರರಾದರು. 2005ರಲ್ಲಿ ಮೈಕೆಲ್ ಡಾನೆಲಿ ಎಂಬ ತಂತ್ರಾಂಶ ತಜ್ಞ ಇದಕ್ಕೆ ‘ಗ್ಲೈಡರ್’ ಎಂಬ ಬಾಟ್ ಬರೆದು ಎಂಡಿವೈ ಎಂಬ ತಮ್ಮ ಕಂಪನಿಯ ಮೂಲಕ ಮಾರತೊಡಗಿದರು. ಅದು ಆಟದ ಸ್ಥಿತಿಯನ್ನು ಗಣಕದ ಸ್ಮೃತಿಯಿಂದ ಓದಿಕೊಂಡು, ಗೊತ್ತುಮಾಡಿದ ದಾರಿಯಲ್ಲಿ ಪಾತ್ರವನ್ನು ನಡೆಸುತ್ತ, ಎದುರಾದವರನ್ನು ಕೊಲ್ಲಿಸುತ್ತ ಹೋಗುತ್ತಿತ್ತು. 2008ರ ಸೆಪ್ಟೆಂಬರ್ ವೇಳೆಗೆ ಸುಮಾರು 1,20,000 ಪ್ರತಿಗಳು ಮಾರಾಟವಾಗಿ 35 ಲಕ್ಷ ಡಾಲರ್ ಬಂದಿತ್ತು. ಇತ್ತ ಬ್ಲಿಝಾರ್ಡ್‌ಗೆ 2004ರ ಡಿಸೆಂಬರ್‌ನಿಂದ 2008ರ ಮಾರ್ಚ್‌ವರೆಗೆ ಬಾಟ್‌ಗಳ ಬಗ್ಗೆ 4,65,000 ದೂರುಗಳು ಬಂದಿದ್ದವೆಂದೂ ಅವನ್ನು ನಿಭಾಯಿಸಲು ವರ್ಷಕ್ಕೆ 9,40,000 ಡಾಲರ್ ಖರ್ಚಾಗುತ್ತಿದೆಯೆಂದೂ ಕಂಪನಿ ನ್ಯಾಯಾಲಯದಲ್ಲಿ ಹೇಳಿತು.

ಬಾಟ್ ಹಿಡಿಯಲು ಕಂಪನಿ ‘ವಾರ್ಡನ್’ ಎಂಬ ಕಾವಲು ತಂತ್ರಾಂಶ ಇಟ್ಟಿತು. ಅದು ಆಟಗಾರನ ಗಣಕದೊಳಗೆ ಇಣುಕಿ ನೋಡುತ್ತಿತ್ತು. ಬಾಟ್ ಬಳಸದವರ ಗಣಕದೊಳಗೂ ಇಣುಕುತ್ತಿತ್ತು ಎಂಬುದನ್ನು ಗಮನಿಸಿ. ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಷನ್ ಎಂಬ ಹಕ್ಕುಗಳ ಸಂಸ್ಥೆ 2005ರಲ್ಲಿಯೇ ಇದನ್ನು ಬೇಹುಗಾರಿಕೆಯ ತಂತ್ರಾಂಶವೆಂದು ಕರೆಯಿತು. ಗ್ಲೈಡರ್ ವಾರ್ಡನ್‌ನ ಕಣ್ಣು ತಪ್ಪಿಸಲು ಕಲಿಯಿತು, ವಾರ್ಡನ್ ಇನ್ನೂ ಆಳಕ್ಕೆ ನೋಡಲು ಕಲಿಯಿತು.

2006ರಲ್ಲಿ ವ್ಯಾಜ್ಯ ಆರಂಭವಾಯಿತು. 2008ರಲ್ಲಿ ಅರಿಝೋನಾದ ಜಿಲ್ಲಾ ನ್ಯಾಯಾಲಯ ಬ್ಲಿಝಾರ್ಡ್ ಪರ ತೀರ್ಪಿತ್ತಿತು. 60 ಲಕ್ಷ ಡಾಲರ್ ಪರಿಹಾರವೂ ನಿಗದಿಯಾಯಿತು. ವಾದದ ತಿರುಳು ಇದು: ಆಟವನ್ನು ನಡೆಸುವಾಗ ಅದರ ಪ್ರತಿ ಗಣಕದ ಸ್ಮೃತಿಯಲ್ಲಿ ಮೂಡುತ್ತದೆ, ಬಾಟ್ ಬಳಸಿದವನು ಪರವಾನಗಿಯ ನಿಯಮ ಮುರಿದದ್ದರಿಂದ ಆ ಪ್ರತಿ ಅನಧಿಕೃತ, ಆದ್ದರಿಂದ ಕೃತಿಸ್ವಾಮ್ಯದ ಉಲ್ಲಂಘನೆ. 2010ರ ಡಿಸೆಂಬರ್ 14ರಂದು ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಬಾಟ್ ಬಳಸುವುದು ಕರಾರಿನ ಉಲ್ಲಂಘನೆಯಾಗಬಹುದು, ಕೃತಿಚೌರ್ಯವಾಗಲಾರದು ಎಂದಿತು. ಹಾಗೆ ಒಪ್ಪಿದರೆ ತಂತ್ರಾಂಶ ಕಂಪನಿ ತನಗೆ ಇಷ್ಟವಿಲ್ಲದ ಯಾವ ನಡತೆಯನ್ನಾದರೂ ಕೃತಿಸ್ವಾಮ್ಯದ ಅಪರಾಧವಾಗಿ ಮಾಡಿಬಿಡಬಹುದು ಎಂಬ ಆತಂಕವನ್ನು ನ್ಯಾಯಾಧೀಶರು ತೋಡಿಕೊಂಡರು. ಆದರೂ ವಾರ್ಡನ್ ಎಂಬ ಬೀಗವನ್ನು ತಪ್ಪಿಸುವ ಸಾಧನವನ್ನು ಮಾರಿದ್ದು ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆಯಡಿ ತಪ್ಪು ಎಂಬ ಭಾಗ ಉಳಿಯಿತು. ಅಷ್ಟರಲ್ಲಿ, 2009ರ ಮಾರ್ಚ್‌ನಲ್ಲಿಯೇ, ಗ್ಲೈಡರ್ ಮುಚ್ಚಿಹೋಗಿತ್ತು.

ನ್ಯಾಯಾಲಯ ಪ್ರತಿಯ ಬಗ್ಗೆ ಮಾತನಾಡಿತು, ಬೀಗದ ಬಗ್ಗೆ ಮಾತನಾಡಿತು. ಪಕ್ಕದಲ್ಲಿ ಆಡುತ್ತಿದ್ದ ಇನ್ನೊಬ್ಬನ ಬಗ್ಗೆ ಮಾತನಾಡುವುದು ಅದರ ಕೆಲಸವಾಗಿರಲಿಲ್ಲ. ನಾವು ಮಾತನಾಡಬೇಕಾದದ್ದು ಅವನ ಬಗ್ಗೆಯೇ.

ಅಳತೆಯ ಪ್ರಶ್ನೆ

ಮಹಾಭಾರತದ ಸಭಾಪರ್ವವನ್ನು ನೆನಪಿಸಿಕೊಳ್ಳಿ. ಪಣ ಒಡ್ಡಿದವನು ದುರ್ಯೋಧನ, ದಾಳ ಉರುಳಿಸಿದವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಎಂದು ಯುಧಿಷ್ಠಿರ ಆಕ್ಷೇಪಿಸುತ್ತಾನೆ. ಆಮೇಲೆ ಒಪ್ಪಿಕೊಂಡು ಕೂರುತ್ತಾನೆ. ಅಲ್ಲಿ ಬದಲಿ ಆಟಗಾರ ಎದುರಿಗೇ ಇದ್ದ, ಕಾಣುತ್ತಿದ್ದ. ಒಲ್ಲೆ ಎನ್ನುವ ಅವಕಾಶ ಯುಧಿಷ್ಠಿರನಿಗೆ ಇತ್ತು. ಬಾಟ್‌ನೊಡನೆ ಆಡುವವನಿಗೆ ಆ ಅವಕಾಶವೂ ಇಲ್ಲ, ಏಕೆಂದರೆ ಎದುರಿಗಿರುವುದು ಯಾರೆಂದೇ ಅವನಿಗೆ ತಿಳಿಯದು.

ಚದುರಂಗದಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. 1998ರಲ್ಲಿ ಸ್ಪೇನಿನ ಲಿಯೋನ್‌ನಲ್ಲಿ ಕಾಸ್ಪರೋವ್ ಮತ್ತು ಟೊಪಲೋವ್ ಇಬ್ಬರೂ ಪಕ್ಕದಲ್ಲಿ ಗಣಕ ಇಟ್ಟುಕೊಂಡು ಆಡಿದರು. ಮರುವರ್ಷ ಅದೇ ಬಗೆಯ ಪಂದ್ಯದಲ್ಲಿ ನಮ್ಮ ವಿಶ್ವನಾಥನ್ ಆನಂದ್ ಕಾರ್ಪೋವ್‌ರನ್ನು ಸೋಲಿಸಿದರು. ಅಂಚೆ ಚದುರಂಗದ ಅಂತರರಾಷ್ಟ್ರೀಯ ಒಕ್ಕೂಟ ಗಣಕದ ನೆರವನ್ನು ಇಂದಿಗೂ ಒಪ್ಪುತ್ತದೆ. ಆದರೆ 2006ರಲ್ಲಿ ಟೋಪಿಯೊಳಗೆ ಬ್ಲೂಟೂತ್ ಸಾಧನ ಅಡಗಿಸಿಕೊಂಡು ಹೊರಗಿನಿಂದ ನಡೆಗಳನ್ನು ಪಡೆಯುತ್ತಿದ್ದ ಭಾರತದ ಆಟಗಾರನೊಬ್ಬನಿಗೆ ಹತ್ತು ವರ್ಷಗಳ ನಿಷೇಧ ಬಿತ್ತು. ನೆರವಿನ ಬಗೆ ಎರಡೂ ಕಡೆ ಒಂದೇ. ಲಿಯೋನ್‌ನಲ್ಲಿ ಗಣಕ ಮೇಜಿನ ಮೇಲಿತ್ತು, ಇಲ್ಲಿ ಟೋಪಿಯೊಳಗಿತ್ತು.

ಈಗ ಮಟ್ಟದ ವಿಷಯಕ್ಕೆ ಬರೋಣ. ಮಟ್ಟ ಎಂದರೆ ಒಂದು ಅಳತೆ. ಅದು ಅಳೆಯುವುದು ಒಬ್ಬ ಮನುಷ್ಯ ಆ ಲೋಕಕ್ಕೆ ಕೊಟ್ಟ ಕಾಲವನ್ನು, ಗಮನವನ್ನು. ಬಾಟ್ ಬಳಸಿದಾಗ ಸಂಖ್ಯೆ ಹಾಗೆಯೇ ಉಳಿಯುತ್ತದೆ, ಅದು ಸೂಚಿಸುವ ಭೌತ ಪರಿಮಾಣ ಮಾತ್ರ ಮಾಯವಾಗುತ್ತದೆ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ 9.8 ಬರಲೇಬೇಕೆಂದು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವ ವಿದ್ಯಾರ್ಥಿಯನ್ನು ಎಲ್ಲ ಅಧ್ಯಾಪಕರೂ ಬಲ್ಲರು. ಕೈಗಡಿಯಾರದ ಬದಲು ವಿದ್ಯುನ್ಮಾನ ಟೈಮರ್ ಬಳಸಿ, ಹಾಗೆಂದು ರೆಕಾರ್ಡಿನಲ್ಲಿ ಬರೆದರೆ ನಾವು ಮೆಚ್ಚುತ್ತೇವೆ. ಅಳೆಯದೆಯೇ ಅಳೆದೆನೆಂದು ಬರೆದಾಗ ಅಂಕ ಕಳೆಯುತ್ತೇವೆ. ಇಡ್ಲಿ ಹಿಟ್ಟಿನ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಹಿಟ್ಟನ್ನು ತಿನ್ನುತ್ತೇವೆ, ಅದು ಯಾರ ತೋಳಿನ ಬಲದ ಬಗ್ಗೆಯೂ ಸಾಕ್ಷಿ ಹೇಳುವುದಿಲ್ಲ. ಮಟ್ಟ ಸಾಕ್ಷಿ ಹೇಳುತ್ತದೆ. ಬಾಟ್‌ನದು ಸುಳ್ಳು ಸಾಕ್ಷಿ.

ಮಡ್ ಹುಟ್ಟಿದ 1978ರಲ್ಲಿಯೇ ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಶಾಸ್ತ್ರಜ್ಞ ಆಟದ ಬಗ್ಗೆ ಬರೆದ ಪುಸ್ತಕ ಬಂತು. ಅನಗತ್ಯ ಅಡೆತಡೆಗಳನ್ನು ಸ್ವಇಚ್ಛೆಯಿಂದ ಎದುರಿಸುವುದೇ ಆಟ ಎಂಬುದು ಅವರ ವಾದದ ಸಾರ. ಗಾಲ್ಫ್ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಹೋಗಿ ಗುಳಿಗೆ ಹಾಕಿದರೆ ಕೆಲಸವೇನೋ ಸಲೀಸು, ಆದರೆ ಗಾಲ್ಫ್ ಆಡಿದಂತಾಗುವುದಿಲ್ಲ. ಈ ಮಾತು ಬಾಟ್ ಬಳಸುವವನಿಗೆ ಅನ್ವಯಿಸುವುದು ನಿಜ. ಆದರೆ ಪೂರ್ತಿ ಒಪ್ಪಲು ನನಗೆ ಕಷ್ಟ. ಅದೇ ಮರವನ್ನು 260 ಗಂಟೆ ಕಡಿಸುವುದು ಎದುರಿಸಿ ಸುಖಪಡುವ ಅಡೆತಡೆಯೇ, ಇಲ್ಲವೇ ಚಂದಾ ತಿಂಗಳು ತಿಂಗಳೂ ಬರಲೆಂದು ಹಿಗ್ಗಿಸಿದ ದಾರಿಯೇ? ಗ್ಲೈಡರ್ ಇಲ್ಲದಿದ್ದರೆ ಈ ಆಟವನ್ನೇ ಆಡದಿರುತ್ತಿದ್ದವರೂ ಇದ್ದಾರೆ ಎಂದು ಎಂಡಿವೈ ಮುಂದಿಟ್ಟ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಕೈಬೆರಳು ಆಡದವರಿಗೆ, ದುಡಿದು ದಣಿದು ಬರುವವರಿಗೆ ಆ ಘಾತೀಯ ಮೆಟ್ಟಿಲು ಬೇರೆಯೇ ಎತ್ತರವಾಗಿ ಕಾಣುತ್ತದೆ.

ಯಂತ್ರವೆಂದು ಬಗೆದ ಮನುಷ್ಯರು

ಇನ್ನು ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗ. ಪತ್ರಕರ್ತ ಜೂಲಿಯನ್ ಡಿಬೆಲ್ 2007ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ನಿಯತಕಾಲಿಕಕ್ಕಾಗಿ ಚೀನಾದ ನಾನ್‌ಜಿಂಗ್‌ನ ಒಂದು ‘ಕಾರ್ಖಾನೆ’ಗೆ ಹೋಗಿ ಬಂದು ಬರೆದರು. ಅಲ್ಲಿ ಯುವಕರು ರಾತ್ರಿ 12 ಗಂಟೆ ಕಾಲ, ತಿಂಗಳಿಗೆ ಎರಡು ಮೂರು ರಜೆ ಬಿಟ್ಟರೆ ಪ್ರತಿ ರಾತ್ರಿ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ರಾಕ್ಷಸರನ್ನು ಕೊಂದು ಚಿನ್ನದ ನಾಣ್ಯ ಕೂಡಿಹಾಕುತ್ತಿದ್ದರು. ಆ ನಾಣ್ಯ ದಲ್ಲಾಳಿಗಳ ಮೂಲಕ ಅಮೆರಿಕ, ಯೂರೋಪಿನ ಆಟಗಾರರಿಗೆ ಮಾರಾಟ. ದುಡಿದವನಿಗೆ ಗಂಟೆಗೆ ಸಿಗುತ್ತಿದ್ದುದು ಸುಮಾರು 30 ಸೆಂಟ್. ಕಾಸ್ಟ್ರೊನೋವಾ ಲೆಕ್ಕ ಹಾಕಿದ ‘ಕೂಲಿ’ಯ ಹನ್ನೊಂದನೆಯ ಒಂದು ಪಾಲಿಗೂ ಕಡಿಮೆ. ಉಳಿದ ಆಟಗಾರರ ಕಣ್ಣಿಗೆ ಇವರೂ ಬಾಟ್‌ಗಳೇ. ಒಂದೇ ಜಾಗದಲ್ಲಿ ಒಂದೇ ಕೆಲಸ ಮಾಡುತ್ತಾರೆ, ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ಉತ್ತರ ಕೊಡುವುದಿಲ್ಲ. ಸಂಶೋಧಕ ನಿಕ್ ಯೀ 2006ರಲ್ಲಿಯೇ ಇದನ್ನು 19ನೆಯ ಶತಮಾನದ ಅಮೆರಿಕದಲ್ಲಿ ಬಟ್ಟೆ ಒಗೆಯುತ್ತಿದ್ದ ಚೀನೀ ವಲಸಿಗರು ಅನುಭವಿಸಿದ ತಿರಸ್ಕಾರಕ್ಕೆ ಹೋಲಿಸಿದ್ದರು.

ಹತ್ತು ವರ್ಷಗಳ ನಂತರ ಅದೇ ದೃಶ್ಯ ವೆನೆಜುವೆಲಾದಲ್ಲಿ ಮರುಕಳಿಸಿತು. ಹಣದುಬ್ಬರದಿಂದ ಆ ದೇಶದ ನಾಣ್ಯ ಕುಸಿದಾಗ ಅಲ್ಲಿನ ಎಷ್ಟೋ ಜನ ರೂನ್‌ಸ್ಕೇಪ್‌ನ ಹಳೆಯ ಆವೃತ್ತಿಯಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು ಡಾಲರ್ ಸಂಪಾದಿಸಿದರು. ಅವರನ್ನು ಆಟದೊಳಗೆ ಬೇಟೆಯಾಡುವುದು ಹೇಗೆಂದು 2017ರಲ್ಲಿ ಕೈಪಿಡಿ ಬರೆದು ಹಂಚಿದವರೂ ಇದ್ದರು. ಬಾಟ್‌ನಿಂದ ಆಟದ ಮಾರುಕಟ್ಟೆ ಹಾಳಾಗುತ್ತದೆ ಎಂಬ ದೂರು ಸರಿ. ಆದರೆ ಅದೇ ದೂರಿನ ಹೆಸರಿನಲ್ಲಿ ಹಸಿದ ಮನುಷ್ಯನೊಬ್ಬನನ್ನು ಯಂತ್ರವೆಂದು ಎಣಿಸುವುದು ಬಾಟ್ ಬಳಸುವುದಕ್ಕಿಂತ ದೊಡ್ಡ ತಪ್ಪು ಎಂದು ನಾನು ತಿಳಿಯುತ್ತೇನೆ.

ಮಾರುಕಟ್ಟೆ ಹಾಳಾಗುವುದು ಹೇಗೆಂಬುದಕ್ಕೂ ರೂನ್‌ಸ್ಕೇಪ್ ಒಳ್ಳೆಯ ಉದಾಹರಣೆ. ಬಾಟ್‌ಗಳು ಹಗಲಿರುಳು ಕಡಿದ ಮರ ಮಾರುಕಟ್ಟೆಗೆ ಬಂದು ಬಿದ್ದಾಗ, ಕೈಯಾರೆ ಕಡಿದವನ ಮರಕ್ಕೆ ಬೆಲೆ ಇಲ್ಲ. ನಿಜವಾದ ಹಣಕ್ಕೆ ನಡೆಯುವ ಈ ವ್ಯಾಪಾರವನ್ನು ತಡೆಯಲು ಜ್ಯಾಗೆಕ್ಸ್ 2007ರ ಡಿಸೆಂಬರ್‌ನಲ್ಲಿ ಆಟಗಾರರ ನಡುವಿನ ಮುಕ್ತ ವಿನಿಮಯವನ್ನೇ ನಿಲ್ಲಿಸಿತು. ಸ್ನೇಹಿತನಿಗೆ ಬೆಲೆಬಾಳುವ ಉಡುಗೊರೆ ಕೊಡುವುದೂ ಅಸಾಧ್ಯವಾಯಿತು. ಆಟಗಾರರು ಆಟದೊಳಗೇ ಗುಂಪುಗೂಡಿ ಪ್ರತಿಭಟಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ ಮೇಲೆ 2011ರ ಫೆಬ್ರವರಿಯಲ್ಲಿ ವಿನಿಮಯ ಮರಳಿತು. ಅದರ ಹಿಂದೆಯೇ ಬಾಟ್‌ಗಳೂ ಮರಳಿದವು. ಆ ಅಕ್ಟೋಬರ್ 25ರಂದು ಕಂಪನಿ ಹೊಸ ಪತ್ತೆ ವಿಧಾನ ಬಳಸಿ ಒಂದೇ ದಿನ 15 ಲಕ್ಷ ಖಾತೆಗಳನ್ನು ಮುಚ್ಚಿದೆನೆಂದು ಘೋಷಿಸಿತು.

ಮಾರಾಟಕ್ಕಿಟ್ಟ ಮಟ್ಟ

ಕಂಪನಿಗಳು ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದ್ದು ಮಟ್ಟದ ಮರ್ಯಾದೆ ಉಳಿಸಲೆಂದು ನೀವು ತಿಳಿದಿದ್ದರೆ ಮುಂದಿನ ಭಾಗ ನಿಮಗೆ ವಿನೋದವಾಗಿ ಕಾಣುತ್ತದೆ. 2014ರ ಮಾರ್ಚ್‌ನಲ್ಲಿ ಬ್ಲಿಝಾರ್ಡ್ ತಾನೇ ಒಂದು ಸರಕನ್ನು ಮಾರಾಟಕ್ಕಿಟ್ಟಿತು: 60 ಡಾಲರ್ ಕೊಟ್ಟರೆ ಪಾತ್ರ ನೇರವಾಗಿ 90ನೆಯ ಮಟ್ಟಕ್ಕೆ. ಗ್ಲೈಡರ್ ಇದೇ ಫಲವನ್ನು 25 ಡಾಲರಿಗೆ ಕೊಡುತ್ತಿತ್ತು, ಆದರೆ ಅದಕ್ಕೆ ವಾರಗಟ್ಟಲೆ ವಿದ್ಯುತ್ ಖರ್ಚಾಗುತ್ತಿತ್ತು! 2015ರಲ್ಲಿ ಆಟದ ಚಿನ್ನವನ್ನೂ ಕಂಪನಿಯ ಮೂಲಕವೇ ಹಣ ಕೊಟ್ಟು ಪಡೆಯುವ ವ್ಯವಸ್ಥೆ ಬಂತು. ಐಸ್‌ಲೆಂಡಿನ ‘ಈವ್ ಆನ್‌ಲೈನ್’ ಆಟದಲ್ಲಿ 2003ರ ಆರಂಭದಿಂದಲೂ ಕೌಶಲಗಳು ಗಡಿಯಾರದ ಲೆಕ್ಕದಲ್ಲಿ ಬೆಳೆಯುತ್ತವೆ, ಆಟಗಾರ ಲಾಗಿನ್ ಆಗಿರಲಿ ಬಿಡಲಿ. ಅಲ್ಲಿ ಆ ಕೆಲಸಕ್ಕೆ ಬಾಟ್ ಬೇಕಿಲ್ಲ. ಕೊರಿಯದ ಮೊಬೈಲ್ ಆಟಗಳಲ್ಲಿ ತಾನಾಗಿ ಆಡುವ ಗುಂಡಿ ಸಾಮಾನ್ಯವಾಗಿಬಿಟ್ಟಿದೆ. ಅದೇ ಕೊರಿಯ 2016ರಲ್ಲಿ ತನ್ನ ಕಾಯಿದೆಯನ್ನು ತಿದ್ದಿ, ಕಂಪನಿ ಒಪ್ಪದ ಆಟ ತಿರುಚುವ ತಂತ್ರಾಂಶವನ್ನು ಮಾಡಿ ಹಂಚಿದವರಿಗೆ ಸೆರೆವಾಸ ವಿಧಿಸಲು ಅವಕಾಶ ಮಾಡಿತು.

ಹಾಗಾದರೆ ಹಣ ಪಡೆದವರು ಯಾರು ಎಂಬುದಷ್ಟೇ ವ್ಯತ್ಯಾಸವೇ? ಅರ್ಧದಷ್ಟು ಹೌದು. ಉಳಿದರ್ಧ ಬೇರೆ. ಕಂಪನಿ ಮಟ್ಟವನ್ನು ಬಹಿರಂಗವಾಗಿ ಮಾರಿದಾಗ, 90ನೆಯ ಮಟ್ಟವೆಂದರೆ ಇನ್ನು ಮುಂದೆ ಶ್ರಮದ ಸಾಕ್ಷಿಯಲ್ಲ ಎಂದು ಎಲ್ಲರಿಗೂ ತಿಳಿದಿರುತ್ತದೆ. ಮಾಪಕದ ಬೆಲೆ ಇಳಿಯಿತು, ಆದರೆ ಯಾರೂ ಮೋಸಹೋಗಲಿಲ್ಲ. ಬಾಟ್ ಬಳಸುವವನು ಮಾಪಕದ ಬೆಲೆ ಇಳಿಸುವುದರ ಜೊತೆಗೆ ಅದು ಇಳಿದಿಲ್ಲವೆಂದು ತೋರಿಸಿಕೊಳ್ಳುತ್ತಾನೆ. ಇಬ್ಬರಲ್ಲಿ ಕಂಪನಿಯದು ದುರಾಸೆ, ಇವನದು ಸುಳ್ಳು. ವಿದ್ಯಾರ್ಥಿಗಳು ನನ್ನನ್ನು ಕೇಳಿದರೆ ಎರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡಿ ಎನ್ನುತ್ತೇನೆ.

ಹೇಳಿ ಮಾಡುವ ದಾರಿಗಳು ಈಚೆಗೆ ತೆರೆದಿವೆ. 2019ರಲ್ಲಿ ಡೀಪ್‌ಮೈಂಡ್ ಸಂಸ್ಥೆ ‘ಆಲ್ಫಾಸ್ಟಾರ್’ ಎಂಬ ಕೃತಕ ಬುದ್ಧಿಮತ್ತೆಯನ್ನು ‘ಸ್ಟಾರ್‌ಕ್ರಾಫ್ಟ್ 2’ ಆಟದ ಯೂರೋಪಿನ ಶ್ರೇಯಾಂಕ ಪಟ್ಟಿಯಲ್ಲಿ ಆಡಿಸಿತು. ಎದುರಾಳಿಗೆ ಆ ಪಂದ್ಯದಲ್ಲಿ ತಾನು ಯಂತ್ರದೊಡನೆ ಆಡುತ್ತಿದ್ದೇನೆಂದು ಗೊತ್ತಾಗುವಂತಿರಲಿಲ್ಲ. ಗೊತ್ತಾದರೆ ಪ್ರಯೋಗವೇ ಕೆಡುತ್ತಿತ್ತು. ಆದರೆ ಇಂಥ ಪ್ರಯೋಗ ನಡೆಯಲಿದೆಯೆಂದು ಮೊದಲೇ ಪ್ರಕಟಿಸಿ, ಒಪ್ಪಿದವರನ್ನು ಮಾತ್ರ ಅದಕ್ಕೆ ಎದುರಾಗಿಸಲಾಯಿತು. ವೈದ್ಯಕೀಯ ಸಂಶೋಧನೆಯಲ್ಲಿ ಔಷಧವೋ ಬರಿಯ ಸಕ್ಕರೆ ಗುಳಿಗೆಯೋ ಎಂದು ತಿಳಿಸದೆ, ಆದರೆ ಒಪ್ಪಿಗೆ ಪಡೆದು ಕೊಡುವ ಕ್ರಮವೇ ಇದು. 2025ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನೊಳಗೇ ಒಂದೇ ಗುಂಡಿ ಒತ್ತುತ್ತ ಹೋರಾಡುವ ಸೌಲಭ್ಯ ಬಂತು. ಮುಂದಿನ ಅಸ್ತ್ರ ಯಾವುದೆಂದು ಆಯುವ ಕೆಲಸ ಪ್ರೋಗ್ರಾಮಿನದು. ಅದನ್ನು ಬಳಸಿದವನ ಪ್ರತಿ ಹೊಡೆತದ ನಡುವೆಯೂ ಒಂದು ಸಣ್ಣ ವಿಳಂಬವನ್ನು ಕಂಪನಿ ಸೇರಿಸಿದೆ. ಕೈಯಾರೆ ಆಡುವವನು ಅಷ್ಟರಮಟ್ಟಿಗೆ ಮುಂದಿರುತ್ತಾನೆ, ಗುಂಡಿ ಬೇಕಾದವನೂ ಗುಂಪಿನೊಳಗೆ ಇರುತ್ತಾನೆ. ಆ ವಿಳಂಬ ಎಷ್ಟಿರಬೇಕು ಎಂಬ ಬಗ್ಗೆ ಆಟಗಾರರ ನಡುವೆ ವಾಗ್ವಾದ ಮುಂದುವರಿದಿದೆ.